ಸೋಂಕು ಇಬ್ಬರದು, ಪರೀಕ್ಷೆಯೂ ಇಬ್ಬರದು

(ಬೆಂಗಳೂರಿನ ಹನುಮಂತನಗರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಬಡಾವಣೆಯ ನಿವಾಸಿಗಳ ಮುಂದೆ ಆಪ್ತಸಮಾಲೋಚಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ಯಾರಿಂದ ಬಂತು?" ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನೆಯ ಕೊಠಡಿಯಲ್ಲಿ ನಾನು ದಿನವೂ ಕೇಳುವ ಪ್ರಶ್ನೆ ಅದು. ಅದಕ್ಕೆ ಉತ್ತರ ಸಿಕ್ಕಿದ್ದರಿಂದ ಕಾಯಿಲೆ ವಾಸಿಯಾದವರನ್ನು ನಾನು ಕಂಡಿಲ್ಲ. "ಇಬ್ಬರಿಗೂ ಪರೀಕ್ಷೆ ಆಯಿತೇ, ಇಬ್ಬರೂ ಔಷಧಿ ಮುಗಿಸಿದಿರೇ?" ಎಂಬ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಂಡವರು ಮಾತ್ರ ವಾಸಿಯಾಗಿ ಮನೆಗೆ ಹೋಗಿದ್ದಾರೆ. ಇವತ್ತು ನಾನು ಹೇಳಲು ಬಂದಿರುವುದು ಈ ಎರಡನೆಯ ಪ್ರಶ್ನೆಯ ಬಗ್ಗೆ.

ಇದು ಯಾರೋ ಕೆಲವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 15ರಿಂದ 49 ವರ್ಷದವರಿಗೆ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಹೊಸ ಸೋಂಕುಗಳು ತಗಲುತ್ತವೆ. ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾ, ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕು ಸೋಂಕುಗಳ ಲೆಕ್ಕ ಮಾತ್ರ ಇದು. ನಾಲ್ಕಕ್ಕೂ ಔಷಧಿ ಇದೆ, ನಾಲ್ಕೂ ಗುಣವಾಗುತ್ತವೆ. ಎಚ್‌ಐವಿ, ಹೆಪಟೈಟಿಸ್ ಬಿ, ಗುಳ್ಳೆ ಎಬ್ಬಿಸುವ ಹರ್ಪಿಸ್ ಮತ್ತು ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ಎಂಬ ವೈರಸ್‌ಗಳು ಈ ಲೆಕ್ಕದ ಹೊರಗಿವೆ. ವೈರಸ್‌ಗಳನ್ನು ಬುಡಸಮೇತ ಕಿತ್ತುಹಾಕುವ ಔಷಧಿ ಇಲ್ಲದಿದ್ದರೂ ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿಗೆ ಒಳ್ಳೆಯ ಲಸಿಕೆ ಇದೆ, ಉಳಿದ ಎರಡನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ.

ಇಷ್ಟು ದೊಡ್ಡ ಸಂಖ್ಯೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಬಹುಪಾಲು ಸೋಂಕುಗಳು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಕ್ಲಮೀಡಿಯಾ ತಗಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ನೋವಿಲ್ಲ, ಉರಿಯಿಲ್ಲ, ವಾಸನೆಯಿಲ್ಲ. ಅದು ಸದ್ದಿಲ್ಲದೆ ಗರ್ಭಕೋಶದ ಮೂಲಕ ಅಂಡನಾಳಕ್ಕೆ ಏರಿ ಅಲ್ಲಿ ಗಾಯದ ಕಲೆ ಉಳಿಸುತ್ತದೆ. ಎಷ್ಟೋ ವರ್ಷಗಳ ಮೇಲೆ ಮಗುವಾಗಲಿಲ್ಲ ಎಂದು ಹರಕೆ ಹೊತ್ತು, ಸೊಸೆಯನ್ನು ದೂರಿ, ಕೊನೆಗೆ ಬಂಜೆತನದ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ನಾಳ ಮುಚ್ಚಿಕೊಂಡಿರುವುದು ತಿಳಿಯುತ್ತದೆ. ಅದೇ ಸೋಂಕಿರುವ ಗಂಡಿಗೂ ಅನೇಕ ಸಲ ಏನೂ ಗೊತ್ತಾಗಿರುವುದಿಲ್ಲ. ಒಂದು ವಾರ ನುಂಗುವ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಸಂಗತಿ ಒಂದು ಸಂಸಾರದ ಹಣೆಬರಹವನ್ನೇ ಬದಲಿಸುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಿಫಿಲಿಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮನುಷ್ಯರನ್ನು ನಂಬಿಸಿ ಮೋಸ ಮಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಸೋಂಕು ತಗಲಿ ಸಾಮಾನ್ಯವಾಗಿ ಮೂರು ವಾರಗಳ ಹೊತ್ತಿಗೆ ಜನನಾಂಗದ ಮೇಲೋ, ಗುದದ್ವಾರದ ಬಳಿಯೋ, ಬಾಯಲ್ಲೋ ಒಂದು ಹುಣ್ಣು ಏಳುತ್ತದೆ. ಅಂಚು ಗಟ್ಟಿ, ನೋವು ಇಲ್ಲ. ನೋವಿಲ್ಲದ ಹುಣ್ಣಿಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಹೆಂಗಸರಿಗಂತೂ ಅದು ಒಳಗೆ ಎದ್ದಿದ್ದರೆ ಕಾಣುವುದೇ ಇಲ್ಲ. ಕೆಲವು ವಾರಗಳಲ್ಲಿ ಅದು ತಾನೇ ಮಾಯುತ್ತದೆ. ಮುಲಾಮು ಹಚ್ಚಿಕೊಂಡವರು ಮುಲಾಮಿನಿಂದ ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆಮೇಲೆ ಮೈಮೇಲೆ ದದ್ದು ಬರುತ್ತದೆ, ಅಂಗೈ ಮತ್ತು ಅಂಗಾಲಿನಲ್ಲೂ. ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಯಾವುದೋ ಅಲರ್ಜಿ ಎಂದು ಸೆಟ್ರಿಜಿನ್ ನುಂಗಿ ಮಲಗಿದರೆ ಆ ದದ್ದೂ ಹೋಗುತ್ತದೆ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಮೌನ. ಚಿಕಿತ್ಸೆ ಪಡೆಯದ ಕೆಲವರಲ್ಲಿ ಹತ್ತು, ಇಪ್ಪತ್ತು ವರ್ಷಗಳ ಮೇಲೆ ಅದು ಹೃದಯದಿಂದ ಹೊರಡುವ ಮಹಾಧಮನಿಯನ್ನು ಅಥವಾ ಮಿದುಳನ್ನು ಹಿಡಿಯುತ್ತದೆ.

ಇದಕ್ಕೆ ಬೇಕಿರುವುದು ಪೆನಿಸಿಲಿನ್. 1943ರಲ್ಲಿ ಅಮೆರಿಕದಲ್ಲಿ ಮೊದಲ ಸಲ ಸಿಫಿಲಿಸ್ ರೋಗಿಗಳಿಗೆ ಕೊಟ್ಟ ಅದೇ ಔಷಧಿಗೆ ಇವತ್ತಿಗೂ ಈ ರೋಗಾಣು ಮಣಿಯುತ್ತದೆ. ಆರಂಭದ ಹಂತದಲ್ಲಿ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಪೃಷ್ಠಕ್ಕೆ ಚುಚ್ಚುಮದ್ದು, ಒಂದೇ ಬಾರಿ. ತಡವಾಗಿದ್ದರೆ ವಾರಕ್ಕೊಂದರಂತೆ ಮೂರು ವಾರ. ಚುಚ್ಚಿದ ಜಾಗ ಒಂದೆರಡು ದಿನ ಚೆನ್ನಾಗಿಯೇ ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ಗೊನೋರಿಯಾ ಹಾಗಲ್ಲ. ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಎಲ್ಲವನ್ನೂ ಒಂದೊಂದಾಗಿ ಸೋಲಿಸಿಕೊಂಡು ಬಂದ ರೋಗಾಣು ಅದು. ಈಗ ಮುಖ್ಯವಾಗಿ ನೆಚ್ಚಿಕೊಂಡಿರುವುದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು. ಔಷಧ ಅಂಗಡಿಗೆ ಹೋಗಿ, "ಉರಿಮೂತ್ರ ಅಣ್ಣ, ಒಂದೆರಡು ಮಾತ್ರೆ ಕೊಡಿ" ಎಂದು ತಂದು ನುಂಗುವುದು ಎಷ್ಟು ಅಪಾಯದ ಕೆಲಸ ಎಂಬುದು ಇದರಿಂದ ತಿಳಿಯಬೇಕು. ಅರ್ಧಂಬರ್ಧ ಮಾತ್ರೆ ಉರಿಯನ್ನು ತಗ್ಗಿಸುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ತೇವ ಹಿಡಿದ ಗೋಡೆಗೆ ಸುಣ್ಣ ಬಳಿದಂತೆ.

ಅಂಗಡಿಗೂ ಮೊದಲು ನಮ್ಮ ಮನೆಗಳಲ್ಲಿ ಇನ್ನೊಂದು ನಿಲ್ದಾಣವಿದೆ. "ಉಷ್ಣ ಆಗಿರಬೇಕು" ಎನ್ನುವುದು. ಬಾರ್ಲಿ ನೀರು, ಎಳನೀರು, ನೆನೆಸಿದ ಮೆಂತ್ಯ. ಇವು ಯಾವುದೂ ಕೆಟ್ಟದ್ದಲ್ಲ, ಬೇಸಿಗೆಯಲ್ಲಿ ಕುಡಿಯಿರಿ. ಆದರೆ ಮೂತ್ರದಲ್ಲಿ ಉರಿ, ಕೀವು, ಹುಣ್ಣು, ತೊಡೆಸಂದಿನಲ್ಲಿ ಗಂಟು, ಕಿಬ್ಬೊಟ್ಟೆಯ ನೋವು, ಇವುಗಳಲ್ಲಿ ಒಂದು ಇದ್ದರೂ ಎಳನೀರಿಗೆ ಕಾಯದೆ ವೈದ್ಯರ ಬಳಿ ಹೋಗಿ. ಇನ್ನು ಕೆಲವರು ಮೆಜೆಸ್ಟಿಕ್‌ನ ಶೌಚಾಲಯದ ಗೋಡೆಯ ಮೇಲೆ ಅಂಟಿಸಿದ "ಗುಪ್ತರೋಗಕ್ಕೆ ಖಚಿತ ಪರಿಹಾರ" ಎಂಬ ಚೀಟಿ ನೋಡಿ ಫೋನ್ ಮಾಡುತ್ತಾರೆ. ಸಾವಿರಾರು ರೂಪಾಯಿ ಕಳೆದುಕೊಂಡು, ಲೇಬಲ್ ಇಲ್ಲದ ಪುಡಿ ತಿಂದು, ತಿಂಗಳುಗಳ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೈಯದೆ ಮಾತಾಡಿಸುವವರು ಅಲ್ಲಿ ಸಿಗುತ್ತಾರೆ ಎಂದು ಹೋಗಿರುತ್ತಾರೆ. ಸಿಟ್ಟು ಬರುವುದು, ಬಿಳಿ ಕೋಟು ಹಾಕಿಕೊಂಡು "ಮದುವೆಯಾಗಿದೆಯಾ?" ಎಂದು ಮೊದಲು ಕೇಳುವವರ ಮೇಲೆ.

ಬಿಳಿ ಸೆರಗಿನ ಬಗ್ಗೆ ಒಂದು ಮಾತು. ಬಿಳಿ ಹೋಗುವುದೆಲ್ಲ ಲೈಂಗಿಕ ಸೋಂಕಲ್ಲ. ತಿಂಗಳ ಕೆಲವು ದಿನ ಸ್ವಲ್ಪ ಹೋಗುವುದು ಸಹಜ. ಮೊಸರು ಒಡೆದಂತೆ ಗಟ್ಟಿಯಾಗಿದ್ದು ತುರಿಸಿದರೆ ಅದು ಬಹುತೇಕ ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆ ಇದ್ದವರಿಗೂ, ಆ್ಯಂಟಿಬಯೊಟಿಕ್ ನುಂಗಿದವರಿಗೂ ಬರುತ್ತದೆ. ಬಣ್ಣ, ವಾಸನೆ ಬದಲಾಗಿದ್ದರೆ ತೋರಿಸಿಕೊಳ್ಳಿ. ಬಿಳಿ ಸೆರಗು ಎಂದ ಮಾತ್ರಕ್ಕೆ ಹೆಂಡತಿಯನ್ನು ಸಂಶಯದಿಂದ ನೋಡುವ ಗಂಡಂದಿರು ಇದನ್ನು ಗಮನವಿಟ್ಟು ಕೇಳಬೇಕು.

ಈಗ ನನ್ನ ಕೊಠಡಿಯೊಳಗೆ ಬನ್ನಿ. ಹೇಳುವುದು ಹಲವು ದಂಪತಿಗಳ ಮಾತುಗಳನ್ನು ಸೇರಿಸಿ ಹೇಳುವ ಕಥೆ, ಯಾರೊಬ್ಬರ ಗುರುತೂ ಇದರಲ್ಲಿಲ್ಲ. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳು, ಬಸುರಿ. ಕೈಯಲ್ಲಿ ತಾಯಿ ಕಾರ್ಡ್. ಬಸುರಿಯರಿಗೆಲ್ಲ ಮಾಡುವ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇಲ್ಲ, ಹೆಪಟೈಟಿಸ್ ಬಿ ಇಲ್ಲ, ಸಿಫಿಲಿಸ್ ಮಾತ್ರ ಪಾಸಿಟಿವ್. ಅವಳಿಗೆ ತನ್ನ ಬಗ್ಗೆ ಚಿಂತೆಯೇ ಇಲ್ಲ. "ಮೇಡಂ, ಮಗುವಿಗೆ ಏನಾಗುತ್ತದೆ?" ಎಂದಳು. ಔಷಧಿ ಕೊಡದೆ ಬಿಟ್ಟರೆ ಮಗು ಹೊಟ್ಟೆಯಲ್ಲೇ ತೀರಿಹೋಗಬಹುದು, ಸೋಂಕಿನೊಂದಿಗೆ ಹುಟ್ಟಬಹುದು; ಸಮಯಕ್ಕೆ ಚುಚ್ಚುಮದ್ದು ಕೊಟ್ಟರೆ ಮಗುವನ್ನು ಉಳಿಸಿಕೊಳ್ಳಬಹುದು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ನಮ್ಮ ಯಜಮಾನರಿಗೆ ಹೇಗೆ ಹೇಳಲಿ? ನನ್ನನ್ನೇ ಅನುಮಾನಿಸುತ್ತಾರೆ."

"ನೀವೇ ಹೇಳಬೇಕಾಗಿಲ್ಲಮ್ಮ. ಗಂಡನಿಗೂ ರಕ್ತ ಪರೀಕ್ಷೆ ಮಾಡಬೇಕಂತೆ, ಆಸ್ಪತ್ರೆಯಲ್ಲಿ ಕರೆದಿದ್ದಾರೆ ಎಂದಷ್ಟೇ ಹೇಳಿ. ಮುಂದಿನದನ್ನು ನಿಮ್ಮ ಒಪ್ಪಿಗೆ ಇದ್ದರೆ ನಾವು ಮಾತಾಡುತ್ತೇವೆ."

ಆತ ಬಂದ. ಹೆಲ್ಮೆಟ್ ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತ, ಕುರ್ಚಿ ತೋರಿಸಿದರೂ ಕೂರಲಿಲ್ಲ. "ನನಗೇನೂ ಇಲ್ಲ ಮೇಡಂ, ಜ್ವರ ಕೂಡ ಬಂದಿಲ್ಲ."

"ಏನೂ ಇಲ್ಲದವರಲ್ಲೇ ಇದು ಅಡಗಿರುತ್ತದೆ ಅಣ್ಣ. ಕೂತುಕೊಳ್ಳಿ."

ಪರೀಕ್ಷೆಯಲ್ಲಿ ಅವನಿಗೂ ಇತ್ತು. ಆಗ ಅವನು ಕೇಳಿದ್ದು, "ಇದು ಯಾವಾಗ ಬಂದದ್ದು ಎಂದು ರಿಪೋರ್ಟ್‌ನಲ್ಲಿ ಗೊತ್ತಾಗುತ್ತದೆಯೇ?" ಗೊತ್ತಾಗುವುದಿಲ್ಲ. ದಿನಾಂಕವನ್ನಾಗಲಿ, ಯಾರಿಂದ ಯಾರಿಗೆ ದಾಟಿತು ಎಂಬುದನ್ನಾಗಲಿ ಆ ರಿಪೋರ್ಟ್ ಹೇಳುವುದಿಲ್ಲ. ಮದುವೆಗೆ ಮುಂಚಿನದೂ ಇರಬಹುದು. ಹರ್ಪಿಸ್ ಮತ್ತು ಎಚ್‌ಪಿವಿ ಕೂಡ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆ ಎತ್ತಬಲ್ಲವು. ಮದುವೆಯಾಗಿ ಹತ್ತು ವರ್ಷವಾದ ಮೇಲೆ ಮೊದಲ ಸಲ ಹರ್ಪಿಸ್ ಗುಳ್ಳೆ ಎದ್ದರೆ ನಿನ್ನೆ ಮೊನ್ನೆ ಯಾರೋ ದಾರಿ ತಪ್ಪಿದರು ಎಂದು ಅರ್ಥವಲ್ಲ. ಇದನ್ನು ಬಿಡಿಸಿ ಹೇಳಿದಾಗ ಎಷ್ಟೋ ಮನೆಗಳ ಜಗಳ ಅಲ್ಲಿಗೇ ನಿಂತಿದೆ. ಈ ಇಬ್ಬರೂ ಚುಚ್ಚುಮದ್ದು ತೆಗೆದುಕೊಂಡರು. ಒಬ್ಬರಿಗೆ ಮಾತ್ರ ಕೊಟ್ಟು ಕಳುಹಿಸಿದ್ದರೆ ಸೋಂಕು ಅವನಿಂದ ಅವಳಿಗೆ ಮತ್ತೆ ಬರುತ್ತಿತ್ತು. ಹೊಸದಾಗಿ ಬಂದರೆ ಹೊಸದಾಗಿಯೇ ಚಿಕಿತ್ಸೆ. ಒಮ್ಮೆ ವಾಸಿಯಾದವರಿಗೆ ಮತ್ತೆ ಬಾರದಂತೆ ಮೈಯಲ್ಲಿ ಯಾವ ರಕ್ಷಣೆಯೂ ಉಳಿಯುವುದಿಲ್ಲ.

ಆದರೆ ಎಲ್ಲ ಗಂಡಂದಿರೂ ಹೆಲ್ಮೆಟ್ ಕೆಳಗಿಟ್ಟು ಕೂರುವುದಿಲ್ಲ. ಹೊಡೆಯುವವರಿದ್ದಾರೆ, ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವವರಿದ್ದಾರೆ. ಎಚ್‌ಐವಿ ವಿಷಯದಲ್ಲಿ ನಮ್ಮ ಕಾನೂನು ಇದನ್ನು ನೆನಪಿಟ್ಟುಕೊಂಡಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಅದರ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಸಂಗಾತಿಗೆ ತಿಳಿಸಲು ವೈದ್ಯರಿಗೂ ಆಪ್ತಸಮಾಲೋಚಕರಿಗೂ ಕೆಲವು ಷರತ್ತುಗಳ ಮೇಲೆ ಅವಕಾಶವಿದೆ. ಆದರೆ ತಿಳಿಸಿದರೆ ಹಿಂಸೆ ನಡೆಯಬಹುದು, ತೊರೆದು ಹೋಗಬಹುದು ಎಂಬ ಭಯಕ್ಕೆ ಆಧಾರವಿದ್ದರೆ, ಅದರಲ್ಲೂ ಹೆಂಗಸರ ವಿಷಯದಲ್ಲಿ, ತಿಳಿಸಕೂಡದು ಎಂದು ಕಾಯಿದೆಯೇ ಹೇಳುತ್ತದೆ. ಇದನ್ನು ಬರೆದವರು ಬಡ ಹೆಣ್ಣುಮಕ್ಕಳ ಸ್ಥಿತಿಯನ್ನು ಬಲ್ಲವರು.

ಹಿಂದೆ ಕಾನೂನು ಹೀಗಿರಲಿಲ್ಲ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ದಂಡು ಪ್ರದೇಶದಲ್ಲಿ ಲಾಕ್ ಆಸ್ಪತ್ರೆ ಎಂಬುದೊಂದಿತ್ತು. ಸೈನಿಕರಿಗೆ ಗುಹ್ಯರೋಗ ಬರುತ್ತಿದೆ ಎಂದು ಬಜಾರಿನ ಹೆಂಗಸರ ಹೆಸರು ಬರೆದುಕೊಂಡು, ಬಲವಂತದಿಂದ ಪರೀಕ್ಷಿಸಿ, ರೋಗ ಕಂಡರೆ ಅಲ್ಲಿ ಕೂಡಿಹಾಕುತ್ತಿದ್ದರು. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆ ಕಾಯಿದೆ ಸೈನಿಕರನ್ನು ಮುಟ್ಟಲಿಲ್ಲ. ಇಬ್ಬರ ನಡುವೆ ಓಡಾಡುವ ರೋಗಕ್ಕೆ ಒಬ್ಬರನ್ನು ಮಾತ್ರ ಹಿಡಿದರೆ ರೋಗ ಹೇಗೆ ನಿಲ್ಲುತ್ತದೆ? ನಿಲ್ಲಲಿಲ್ಲ. 1888ರಲ್ಲಿ ಕಾಯಿದೆ ರದ್ದಾಯಿತು. ನೂರು ವರ್ಷ ದಾಟಿದ ಮೇಲೆ ಮೈಸೂರಿನ ಅಶೋದಯ ಸಮಿತಿಯಂಥ ಕಡೆ ಲೈಂಗಿಕ ಕಾರ್ಯಕರ್ತೆಯರು ತಾವೇ ಸಂಘಟಿತರಾಗಿ, ತಮ್ಮವರಿಗೆ ತಾವೇ ತಿಳಿಹೇಳಿ, ಕ್ಲಿನಿಕ್‌ಗೆ ಕರೆತಂದರು. ಬಲವಂತದಿಂದ ಆಗದ ಕೆಲಸ ಗೌರವದಿಂದ ಆಯಿತು.

ಕಾಂಡೋಮ್ ಬಗ್ಗೆ ಎಲ್ಲರಿಗೂ ಗೊತ್ತಿದೆ ಎನ್ನುತ್ತಾರೆ, ವಿವರಕ್ಕೆ ಇಳಿದರೆ ಗೊತ್ತಿರುವುದಿಲ್ಲ. ನಮ್ಮ ಊರಿನ ದೊಡ್ಡ ತಪ್ಪು ಕೊಬ್ಬರಿ ಎಣ್ಣೆ. ಎಣ್ಣೆ, ವ್ಯಾಸಲಿನ್, ಬೆಣ್ಣೆ ಯಾವುದು ತಾಕಿದರೂ ಲೇಟೆಕ್ಸ್ ಸಡಿಲವಾಗಿ ಹರಿಯುತ್ತದೆ. ಜಾರಿಕೆ ಬೇಕಿದ್ದರೆ ನೀರಿನ ಅಂಶದ ಜೆಲ್ ಬಳಸಬೇಕು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡದ್ದನ್ನು, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದದ್ದನ್ನು ನೆಚ್ಚಬೇಡಿ. ಪೊಟ್ಟಣದ ಮೇಲಿನ ಅವಧಿ ನೋಡಿ, ಹಲ್ಲಿನಿಂದ ಹರಿಯಬೇಡಿ, ಎರಡನ್ನು ಒಟ್ಟಿಗೆ ಹಾಕಬೇಡಿ. ಕೊನೆಯ ಗಳಿಗೆಯಲ್ಲಲ್ಲ, ಮೊದಲಿನಿಂದಲೇ ಹಾಕಿಕೊಳ್ಳಿ. ಎಚ್‌ಐವಿ, ಗೊನೋರಿಯಾ, ಕ್ಲಮೀಡಿಯಾದಿಂದ ಅದು ಚೆನ್ನಾಗಿ ಕಾಪಾಡುತ್ತದೆ. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಚರ್ಮದಿಂದ ಚರ್ಮಕ್ಕೂ ದಾಟುವುದರಿಂದ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ರಕ್ಷಣೆ ಕಡಿಮೆ. ಬಾಯಿಯ ಮೂಲಕ ನಡೆಯುವ ಸಂಭೋಗದಿಂದಲೂ ಸೋಂಕು ಹರಡುತ್ತದೆ. ಗರ್ಭ ತಡೆಯುವ ಮಾತ್ರೆ ಮತ್ತು ಕಾಪರ್-ಟಿ ಯಾವ ಸೋಂಕನ್ನೂ ತಡೆಯುವುದಿಲ್ಲ.

ಎಚ್‌ಐವಿಯ ಭಯ ಇವತ್ತಿಗೂ 1986ರಲ್ಲೇ ನಿಂತಿದೆ. ಚೆನ್ನೈನಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದ ವರ್ಷ ಅದು. ಆಗ ಔಷಧಿ ಇರಲಿಲ್ಲ. ಈಗ ಎಆರ್‌ಟಿ ಎಂದು ಕರೆಯುವ ಸರ್ಕಾರಿ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆ ಉಚಿತ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಅದು ಹರಡುವುದಿಲ್ಲ. ಕಾಂಡೋಮ್ ಹರಿದು ಹೋದರೆ, ಅತ್ಯಾಚಾರ ನಡೆದರೆ, 72 ಗಂಟೆಗಳೊಳಗೆ ಆಸ್ಪತ್ರೆ ತಲುಪಿ. 28 ದಿನ ನುಂಗುವ ತಡೆ ಮಾತ್ರೆ ಇದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಬೆಳಗಾಗಲಿ ಎಂದು ಕಾಯಬೇಡಿ. ಮರುದಿನವೇ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದರೆ ಅದು ಆ ಘಟನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೋಂಕು ಪರೀಕ್ಷೆಗೆ ಸಿಗಲು ವಾರಗಳು ಬೇಕು, ಆದ್ದರಿಂದ ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: "ಮಗಳಿಗೆ ಹನ್ನೆರಡು ವರ್ಷ. ಎಚ್‌ಪಿವಿ ಲಸಿಕೆ ಹಾಕಿಸಿದರೆ ಅವಳಿಗೆ ನಾವೇ ಪರವಾನಗಿ ಕೊಟ್ಟ ಹಾಗಾಗುವುದಿಲ್ಲವೇ?"

ಹೆಪಟೈಟಿಸ್ ಬಿ ಕೂಡ ಲೈಂಗಿಕ ಸಂಪರ್ಕದಿಂದ ಬರುತ್ತದಮ್ಮ. ಅದರ ಲಸಿಕೆಯನ್ನು ಹುಟ್ಟಿದ ದಿನವೇ ಹಾಕಿಸಿದ್ದೇವೆ, ಯಾರಿಗೂ ಅದು ಪರವಾನಗಿ ಎನಿಸಲಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಬಹುಮಟ್ಟಿಗೆ ಎಚ್‌ಪಿವಿಯೇ ಕಾರಣ. ಸುಮಾರು ಶೇ 70ರಷ್ಟು ಪ್ರಕರಣಗಳ ಹಿಂದೆ ಅದರ 16 ಮತ್ತು 18ನೇ ಬಗೆಗಳಿವೆ. ಈ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಕಂಡುಹಿಡಿದ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲಸಿಕೆ ಚೆನ್ನಾಗಿ ಫಲಿಸುವುದು ವೈರಸ್ ಮೈಗೆ ತಾಕುವುದಕ್ಕೂ ಮೊದಲು, ಅಂದರೆ 9ರಿಂದ 14ರ ವಯಸ್ಸಿನಲ್ಲಿ. 2023ರಿಂದ ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಕೂಡ ಸಿಗುತ್ತಿದೆ. ಗಂಡುಮಕ್ಕಳಿಗೂ ಹಾಕಿಸಬಹುದು. ಮಗಳ ಮಾತಾಯಿತು, ನೀವು ಮಾಡಿಸಿಕೊಂಡಿದ್ದೀರಾ? ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕಂಠದ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾದ ಜಾಗವನ್ನು ನೋಡುವ ಕೆಲವೇ ನಿಮಿಷಗಳ ಪರೀಕ್ಷೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ಬೇಕು. ಅಷ್ಟು ದೀರ್ಘ ಅವಕಾಶವನ್ನು ಕೊಡುವ ಕ್ಯಾನ್ಸರ್‌ನಿಂದ ಈಗಲೂ ಹೆಂಗಸರು ಸಾಯುತ್ತಿರುವುದು ಸಹಿಸಲಾಗದ ಸಂಗತಿ.

ಯುವಕನೊಬ್ಬನ ಪ್ರಶ್ನೆ: ಸಾರ್ವಜನಿಕ ಶೌಚಾಲಯದಿಂದ, ಈಜುಕೊಳದಿಂದ ಬರುತ್ತದೆಯೇ? ಎಚ್‌ಐವಿ, ಸಿಫಿಲಿಸ್, ಗೊನೋರಿಯಾ ಹಾಗೆ ಬರುವುದಿಲ್ಲ.

ಹೆಸರು ಬರೆಯದ ಚೀಟಿಯೊಂದು ಬಂದಿದೆ: "ನಾನು ಗಂಡಸು, ನನ್ನ ಸಂಬಂಧ ಗಂಡಸರ ಜೊತೆ. ಇದನ್ನು ವೈದ್ಯರಿಗೆ ಹೇಳಲೇಬೇಕೇ?" ಹೇಳಿದರೆ ನಿಮಗೇ ಒಳ್ಳೆಯದು. ಗಂಟಲಿನಲ್ಲಿ, ಗುದದಲ್ಲಿ ಗೊನೋರಿಯಾ ಮತ್ತು ಕ್ಲಮೀಡಿಯಾ ಇದ್ದರೆ ಮೂತ್ರದ ಪರೀಕ್ಷೆಯಲ್ಲಿ ಸಿಗುವುದಿಲ್ಲ; ಎಲ್ಲಿ ಸಂಪರ್ಕವಾಗಿದೆಯೋ ಅಲ್ಲಿಂದಲೇ ಮಾದರಿ ತೆಗೆಯಬೇಕು. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ಎಚ್‌ಐವಿ ಬಾರದಂತೆ ಮುಂಚಿತವಾಗಿ ನುಂಗುವ ಮಾತ್ರೆಯ ಬಗ್ಗೆಯೂ ಕೇಳಿ. ವೈದ್ಯರು ಮುಖ ಸಿಂಡರಿಸಿದರೆ ಬೇರೆ ವೈದ್ಯರ ಬಳಿ ಹೋಗಿ, ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಕೊನೆಯದು: "ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕು, ಕೌಂಟರಿನಲ್ಲಿ ಏನು ಹೇಳಬೇಕು?"

ವಿಕ್ಟೋರಿಯಾ, ಬೌರಿಂಗ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ ಬರೆಸುವಾಗ "ಚರ್ಮರೋಗ ವಿಭಾಗ" ಎಂದರೆ ಸಾಕು. ಲೈಂಗಿಕ ಸೋಂಕುಗಳನ್ನೂ ಅಲ್ಲೇ ನೋಡುತ್ತಾರೆ. ಸರದಿಯಲ್ಲಿ ಮೊಡವೆಯವರು, ಗಜಕರ್ಣದವರು, ಕೂದಲು ಉದುರುವವರು ಎಲ್ಲರೂ ಇರುತ್ತಾರೆ. ನೀವು ಏಕೆ ಬಂದಿದ್ದೀರಿ ಎಂದು ಯಾರಿಗೂ ತಿಳಿಯುವುದಿಲ್ಲ. ಹೆಂಗಸರು ಸ್ತ್ರೀರೋಗ ವಿಭಾಗಕ್ಕೂ ಹೋಗಬಹುದು. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಎಂಬ ಫಲಕವಿರುವ ಕೊಠಡಿ ಕೇಳಿ, ಅಲ್ಲಿ ನನ್ನಂಥವರು ಒಬ್ಬರು ಕೂತಿರುತ್ತಾರೆ. ಫೋನಿನಲ್ಲಿ ಮಾತಾಡಬೇಕೆಂದರೆ 1097, ಉಚಿತ ಸಹಾಯವಾಣಿ. ಖಾಸಗಿ ಲ್ಯಾಬಿಗೆ ಹೋಗುವವರು "ಪೂರ್ಣ ದೇಹ ತಪಾಸಣೆ" ಎಂಬ ಪ್ಯಾಕೇಜನ್ನು ನೆಚ್ಚಬೇಡಿ, ಅದರಲ್ಲಿ ಈ ಪರೀಕ್ಷೆಗಳು ಸಾಮಾನ್ಯವಾಗಿ ಇರುವುದಿಲ್ಲ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತದಲ್ಲಿ, ಗೊನೋರಿಯಾ ಮತ್ತು ಕ್ಲಮೀಡಿಯಾ ಮೂತ್ರದಲ್ಲಿ ಅಥವಾ ಸ್ವಾಬ್‌ನಲ್ಲಿ ಎಂದು ಹೆಸರು ಹಿಡಿದು ಕೇಳಿ. ಹೋಗುವಾಗ ಹಳೆಯ ಚೀಟಿಗಳನ್ನು, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ತೆಗೆದುಕೊಂಡು ಹೋಗಿ. ಸಾಧ್ಯವಿದ್ದರೆ ಸಂಗಾತಿಯನ್ನೂ ಅದೇ ದಿನ ಕರೆದುಕೊಂಡು ಹೋಗಿ. ಆಗದಿದ್ದರೆ ಒಬ್ಬರೇ ಹೋಗಿ, ಸಂಗಾತಿಯನ್ನು ಕರೆತರುವ ಬಗೆಯನ್ನು ಅಲ್ಲಿಯ ಆಪ್ತಸಮಾಲೋಚಕರೊಂದಿಗೆ ಮಾತಾಡಿ.